ತೋಟದ ಮಣ್ಣಲ್ಲಿ ಸಿಕ್ಕ ಸಿಸಿಲಿಯನ್: ಕುಲ, ಪ್ರಭೇದ ಗುರುತಿಸುವ ಬಗೆ

ಮಳೆ ಹಿಡಿದು ಹದಿನೈದು ದಿನವಾದ ಮೇಲೆ ಅಡಿಕೆ ತೋಟದ ಬಸಿಗಾಲುವೆ ಕೆತ್ತುವಾಗ, ಗೊಬ್ಬರಗುಂಡಿಯ ಅಂಚು ಕೆದಕುವಾಗ, ಕೊಳೆತ ಬಾಳೆಬುಡ ಕೀಳುವಾಗ ಎರೆಹುಳುವಿಗಿಂತ ದಪ್ಪದ, ಮೈಯೆಲ್ಲ ಲೋಳೆಯಾದ ಒಂದು ಪ್ರಾಣಿ ಹೊರಬೀಳುತ್ತದೆ. ಬೆಳಕು ತಾಗಿದ ಕೂಡಲೇ ತಲೆಯನ್ನು ಮಣ್ಣಿಗೆ ಚುಚ್ಚಿ ಒಳಗೆ ಇಳಿಯಲು ನೋಡುತ್ತದೆ. ತಲೆ ಯಾವುದು ಬಾಲ ಯಾವುದು ತಿಳಿಯದೆ ‘ಎರಡು ತಲೆ ಹಾವು’ ಅಂದುಕೊಂಡು ಗುದ್ದಲಿಯಲ್ಲೇ ಅದರ ಕಥೆ ಮುಗಿಸುವವರು ಬಹಳ. ಅದು ಹಾವಲ್ಲ. ಕಪ್ಪೆಯ ವರ್ಗಕ್ಕೇ ಸೇರಿದ ಕಾಲಿಲ್ಲದ ಉಭಯಚರಿ, ಹೆಸರು ಸಿಸಿಲಿಯನ್. ಎರೆಹುಳು, ಗೆದ್ದಲು, ಇರುವೆ ತಿಂದು ಮಣ್ಣೊಳಗೇ ಬದುಕುವ ಇದರಿಂದ ಮನುಷ್ಯನಿಗೆ ಯಾವ ಕೇಡೂ ಇಲ್ಲ.

ಜಗತ್ತಿನಲ್ಲಿ ಸುಮಾರು 220 ಪ್ರಭೇದದ ಸಿಸಿಲಿಯನ್‌ಗಳಿವೆ. ಭಾರತದಲ್ಲಿ ಸಿಗುವವುಗಳಲ್ಲಿ ಹೆಚ್ಚಿನವು ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿನವು. ಕರ್ನಾಟಕದ ಮಣ್ಣಿನಿಂದಲೇ ಮೊದಲ ಬಾರಿಗೆ ವಿವರಿಸಲ್ಪಟ್ಟ ಪ್ರಭೇದಗಳೂ ಇವೆ. ಕೃಷಿಭೂಮಿಯಲ್ಲೇ ಸಿಕ್ಕವೂ ಅವುಗಳಲ್ಲಿವೆ. ಹಾಗಾಗಿ ತೋಟದವರು ತೆಗೆದ ಒಂದು ಒಳ್ಳೆಯ ಚಿತ್ರ, ಸರಿಯಾದ ಜಾಗದ ಹೆಸರು ಸಂಶೋಧಕರಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಎಲ್ಲಿ ನಿಲ್ಲಬೇಕು ಅನ್ನುವುದು ಗೊತ್ತಿರಬೇಕು. ಕುಟುಂಬ ಹೇಳುವುದು ಸುಲಭ, ಕುಲ ಹೇಳುವುದು ಸಾಧ್ಯ, ಪ್ರಭೇದ ಹೇಳುವುದು ಕಷ್ಟ. ಕೈಯಲ್ಲಿರುವ ಪುರಾವೆ ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೇ ಹೆಸರು ನಿಲ್ಲಿಸುವುದು ಈ ಕೆಲಸದಲ್ಲಿ ಕಲಿಯಬೇಕಾದ ಮೊದಲ ಶಿಸ್ತು.

ಸಿಸಿಲಿಯನ್ ಹೌದೋ ಅಲ್ಲವೋ

ಎರೆಹುಳುವಿಗೆ ದವಡೆ ಇಲ್ಲ, ಮೂಗಿನ ಹೊಳ್ಳೆ ಇಲ್ಲ. ಬೆಳೆದ ಎರೆಹುಳುವಿನ ಮುಂಭಾಗದಲ್ಲಿ ಪಟ್ಟಿ ಸುತ್ತಿದಂಥ ದಪ್ಪ ಭಾಗ ಕಾಣುತ್ತದೆ. ಅದರ ಮೈ ಎಳೆದರೆ ಉದ್ದವಾಗುತ್ತದೆ, ಬಿಟ್ಟರೆ ಕುಗ್ಗುತ್ತದೆ. ಸಿಸಿಲಿಯನ್‌ಗೆ ಬೆನ್ನೆಲುಬಿದೆ, ಮೈ ಹಾಗೆ ಹಿಗ್ಗಿ ಕುಗ್ಗುವುದಿಲ್ಲ. ತಲೆಯನ್ನು ಬದಿಯಿಂದ ನೋಡಿದರೆ ಬಾಯಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಘಟ್ಟದಲ್ಲಿ ಮೊಳಕ್ಕಿಂತ ಉದ್ದದ ಎರೆಹುಳುಗಳೂ ಇರುವುದರಿಂದ ಗಾತ್ರ ನೋಡಿ ತೀರ್ಮಾನಿಸಬೇಡಿ.

ಹೂಕುಂಡದಲ್ಲೂ ಬಚ್ಚಲ ಬದಿಯಲ್ಲೂ ಸಿಗುವ ಸಣ್ಣ ಕುರುಡು ಹಾವಿಗೆ ಮೈತುಂಬ ನುಣುಪಾದ, ಹೊಳೆಯುವ ಹುರುಪೆ. ಮೈ ಒಣಗಿರುತ್ತದೆ, ನಾಲಿಗೆ ಹೊರಹಾಕುತ್ತದೆ, ಬಾಲದ ತುದಿಯಲ್ಲಿ ಸಣ್ಣ ಮುಳ್ಳಿರುತ್ತದೆ. ಘಟ್ಟದ ಮಣ್ಣಲ್ಲಿ ಸಿಗುವ, ಬಾಲ ಕತ್ತರಿಸಿದಂತೆ ಮೊಂಡಾಗಿರುವ ಗುರಾಣಿಬಾಲದ ಹಾವುಗಳಿಗೂ ಹುರುಪೆ ಇದೆ. ಹೊಟ್ಟೆಯ ಮೇಲೆ ಹಳದಿ ಮಚ್ಚೆಯಿದ್ದರಂತೂ ಹಳದಿ ಪಟ್ಟಿಯ ಸಿಸಿಲಿಯನ್ ಅಂತ ತಪ್ಪು ತಿಳಿಯುವುದು ಸುಲಭ. ಮೈಮೇಲೆ ಹುರುಪೆ ಕಂಡರೆ ಹಾವು, ಒದ್ದೆ ಚರ್ಮದ ಮೇಲೆ ಸುತ್ತುಗಟ್ಟಿದ ಬಳೆಗಳು ಕಂಡರೆ ಸಿಸಿಲಿಯನ್. ಹಾವಿರಬಹುದೆಂಬ ಅನುಮಾನ ಸ್ವಲ್ಪವಾದರೂ ಇದ್ದರೆ ಕೈ ಹಾಕದೆ ಕಡ್ಡಿಯಿಂದ ಸರಿಸಿ ನೋಡಿ.

ಗದ್ದೆಯ ಕೆಸರಲ್ಲಿ ಸಿಗುವ ಹಾವುಮೀನಿನ ಮೈಮೇಲೆ ಬಳೆ ಇರುವುದಿಲ್ಲ, ಗಂಟಲ ಕೆಳಗೆ ಕಿವಿರಿನ ಸೀಳು ಇರುತ್ತದೆ. ಇಲ್ಲೊಂದು ತೊಡಕಿದೆ. ಇಕ್ತಿಯೋಫಿಸ್ ಕುಲದ ಸಿಸಿಲಿಯನ್ ಮರಿಗಳು ಮೊಟ್ಟೆಯಿಂದ ಹೊರಬಂದು ನೀರಿನಲ್ಲಿ ಬೆಳೆಯುತ್ತವೆ. ಅವುಗಳಿಗೂ ಕತ್ತಿನ ಎರಡೂ ಬದಿ ಒಂದೊಂದು ಕಿವಿರಿನ ಸೀಳು, ಬಾಲಕ್ಕೆ ಸಣ್ಣ ಈಜುರೆಕ್ಕೆ, ತಲೆಯ ಮೇಲೆ ಬಿಳಿ ಚುಕ್ಕೆಗಳಂತೆ ಕಾಣುವ ಸಂವೇದನಾಂಗಗಳು ಇರುತ್ತವೆ. ಹಳ್ಳದ ಅಂಚಿನ ಕಲ್ಲಿನಡಿ ಬೆರಳುದ್ದದ ‘ಹಾವುಮೀನು ಮರಿ’ ಸಿಕ್ಕರೆ ಮೈಮೇಲೆ ಬಳೆ ಇದೆಯೇ ಅಂತ ಒಮ್ಮೆ ನೋಡಿ. ಜೀವಿಗಳ ವರ್ಗೀಕರಣಕ್ಕೆ ಅಡಿಪಾಯ ಹಾಕಿದ ಲಿನೇಯಸ್ 1758ರಲ್ಲಿ ಸಿಸಿಲಿಯನ್‌ಗಳನ್ನು ಹಾವುಗಳ ಸಾಲಿನಲ್ಲೇ ಇಟ್ಟಿದ್ದ. 1831ರಲ್ಲಿ ಜರ್ಮನಿಯ ವಿಜ್ಞಾನಿ ಯೊಹಾನೆಸ್ ಮ್ಯೂಲರ್ ಒಂದು ಇಕ್ತಿಯೋಫಿಸ್ ಮರಿಯಲ್ಲಿ ಇದೇ ಕಿವಿರಿನ ಸೀಳನ್ನು ಕಂಡು ತಿಳಿಸಿದ ಮೇಲೆ ಇವು ಉಭಯಚರಿಗಳೆಂಬುದು ಗಟ್ಟಿಯಾಯಿತು.

ಎಲ್ಲಿ, ಯಾವಾಗ, ಹೇಗೆ ಅಗೆಯಬೇಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಮಣ್ಣು ಗಟ್ಟಿಯಾದಂತೆ ಇವು ತೇವ ಹುಡುಕಿಕೊಂಡು ಆಳಕ್ಕೆ ಇಳಿಯುತ್ತವೆ. ಬಸಿಗಾಲುವೆಯ ಅಂಚು, ಕೊಟ್ಟಿಗೆಯ ನೀರು ಹರಿಯುವ ಜಾಗ, ಹಳೆಯ ಸೊಪ್ಪಿನ ಗೊಬ್ಬರದ ಅಡಿ, ರಾಶಿ ಹಾಕಿದ ತೆಂಗಿನ ಸಿಪ್ಪೆಯ ಕೆಳಗೆ, ಕೊಳೆಯುತ್ತಿರುವ ಮರದ ದಿಮ್ಮಿಯ ಕೆಳಗೆ, ಗದ್ದೆಯ ಬದುವಿನಲ್ಲಿ ನೋಡಿ. ನೆರಳು, ಕಪ್ಪು ಮಣ್ಣು, ಎರೆಹುಳು ಈ ಮೂರೂ ಸೇರಿದಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಆದರೆ ನೀರು ತೊಟ್ಟಿಕ್ಕಬಾರದು. ನೀರು ನಿಂತ ಕೆಸರಲ್ಲಿ ಬೆಳೆದವು ಸಿಗುವುದು ಕಡಿಮೆ.

ಮೊದಲು ದಿಮ್ಮಿ, ಕಲ್ಲು, ಸೋಗೆ ಎತ್ತಿ ನೋಡಿ. ಅಲ್ಲಿ ಸಿಗದಿದ್ದರೆ ಮಾತ್ರ ಮಣ್ಣು ಅಗೆಯಿರಿ. ಗುದ್ದಲಿಯನ್ನು ಮೇಲಿನಿಂದ ಬೀಸಿ ಹೊಡೆದರೆ ಪ್ರಾಣಿ ಎರಡು ತುಂಡಾಗುತ್ತದೆ. ಆಗುವ ಅನಾಹುತಗಳಲ್ಲಿ ಇದೇ ಹೆಚ್ಚು. ಕಾಲುವೆಯ ಬದಿಯಿಂದ ಶುರು ಮಾಡಿ, ಒಂದು ಗೇಣು ಆಳಕ್ಕೆ, ಮಣ್ಣಿನ ಹೆಂಟೆಯನ್ನು ನಿಮ್ಮ ಕಡೆಗೆ ಒರಗಿಸಿ ಬೀಳಿಸಿ. ಬಿದ್ದ ಹೆಂಟೆಯನ್ನು ಕೈಯಲ್ಲಿ ಒಡೆಯಿರಿ. ಹಲ್ಲುಗಳುಳ್ಳ ಗೊಬ್ಬರದ ಫೋರ್ಕ್ ಇದ್ದರೆ ಗುದ್ದಲಿಗಿಂತ ಮೇಲು. 20ರಿಂದ 30 ಸೆಂಟಿಮೀಟರ್ ಆಳ ಸಾಕು. ಅಗೆದ ಜಾಗವನ್ನು ಅದೇ ಮಣ್ಣಿನಿಂದ ಮುಚ್ಚಿ, ಎತ್ತಿದ ದಿಮ್ಮಿಯನ್ನು ಮೊದಲಿದ್ದಂತೆಯೇ ಇಡಿ.

ಇದು ನಿಮ್ಮ ತೋಟದ ಮಾತು. ಅರಣ್ಯದಲ್ಲಿ ಅಗೆಯಲು, ಪ್ರಾಣಿಯನ್ನು ಹಿಡಿಯಲು, ಸತ್ತದ್ದನ್ನು ಒಯ್ಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು.

ಒಂದು ತೋಟದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಗುದ್ದಲಿ ತೊಳೆದು ಒಣಗಿಸಿ. ಕಪ್ಪೆಗಳನ್ನು ಕೊಲ್ಲುವ ಕೈಟ್ರಿಡ್ ಶಿಲೀಂಧ್ರ ಸಿಸಿಲಿಯನ್‌ಗೂ ತಗುಲುತ್ತದೆ, ಒದ್ದೆ ಕೆಸರಿನ ಜತೆ ಸಾಗುತ್ತದೆ.

ಕೈಗೆತ್ತಿಕೊಳ್ಳುವುದು, ಚಿತ್ರ ತೆಗೆಯುವುದು

ಔಷಧ ಹೊಡೆದ ಕೈ, ಸೊಳ್ಳೆ ಮುಲಾಮು ಹಚ್ಚಿದ ಕೈ, ಸೋಪು ಮೆತ್ತಿದ ಕೈ ಬೇಡ. ಇವು ಚರ್ಮದಿಂದಲೂ ಉಸಿರಾಡುತ್ತವೆ, ಕೈಯಲ್ಲಿರುವುದೆಲ್ಲ ನೇರ ಮೈಗೆ ಇಳಿಯುತ್ತದೆ. ಬಾವಿ ನೀರಲ್ಲಿ ಕೈ ಒದ್ದೆ ಮಾಡಿಕೊಂಡು, ಪ್ರಾಣಿಯನ್ನು ಅದರ ಸುತ್ತಲಿನ ಮಣ್ಣಿನ ಸಮೇತ ಬೊಗಸೆಯಲ್ಲಿ ಎತ್ತಿ. ಎರಡು ಬೆರಳಲ್ಲಿ ಹಿಸುಕಿ ಹಿಡಿಯಲು ಹೋದರೆ ಜಾರುತ್ತದೆ, ಇನ್ನೂ ಬಿಗಿ ಹಿಡಿದರೆ ಪೆಟ್ಟಾಗುತ್ತದೆ. ಲೋಳೆಯಲ್ಲಿ ಚರ್ಮದ ಗ್ರಂಥಿಗಳ ಸ್ರಾವವೂ ಸೇರಿರುವುದರಿಂದ ಆ ಕೈಯನ್ನು ಕಣ್ಣಿಗೆ ಮುಟ್ಟಿಸಬೇಡಿ; ಕೆಲಸ ಮುಗಿದ ಮೇಲೆ ಚೆನ್ನಾಗಿ ತೊಳೆಯಿರಿ.

ಚಿತ್ರಕ್ಕೆ ಒಂದು ಉಪಾಯ: ಜಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಎರಡು ಚಮಚ ಬಾವಿ ನೀರು ಹಾಕಿ ಪ್ರಾಣಿಯನ್ನು ಅದರೊಳಗೆ ಬಿಡಿ. ಗಾಳಿ ಇರಲಿ. ಚೀಲವನ್ನು ಮಗುಚಿದರೆ ಹೊಟ್ಟೆ, ನೆಟ್ಟಗಿಟ್ಟರೆ ಬೆನ್ನು; ಪ್ರಾಣಿಯನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಬಿಸಿಲಲ್ಲಿ ಮಾತ್ರ ಇಡಲೇಬೇಡಿ. ಒಟ್ಟು ಹತ್ತು ನಿಮಿಷದೊಳಗೆ ಮುಗಿಸಿ.

ಬೇಕಾದ ಚಿತ್ರಗಳು ಇವು: ಸ್ಕೇಲ್ ಪಕ್ಕದಲ್ಲಿಟ್ಟು ಇಡೀ ಮೈ; ತಲೆ ಬದಿಯಿಂದ, ಮೇಲಿನಿಂದ, ಕೆಳಗಿನಿಂದ; ಮೈಯ ನಡುಭಾಗ ಬದಿಯಿಂದ; ಬಾಲದ ತುದಿ ಬದಿಯಿಂದ ಮತ್ತು ಕೆಳಗಿನಿಂದ. ಇವುಗಳಲ್ಲಿ ಒಂದೇ ಒಂದು ತೆಗೆಯಲು ಸಮಯವಿದ್ದರೆ ತಲೆಯನ್ನು ಬದಿಯಿಂದ ತೆಗೆಯಿರಿ. ‘ಇದು ಯಾವುದು’ ಅಂತ ಕೇಳಿ ಕಳಿಸುವ ಚಿತ್ರಗಳಲ್ಲಿ ಮೇಲಿನಿಂದ ತೆಗೆದ ಸುರುಳಿ ಮೈಯೇ ಹೆಚ್ಚು. ಅದರಿಂದ ಬಣ್ಣ ಬಿಟ್ಟು ಏನೂ ತಿಳಿಯುವುದಿಲ್ಲ. ಫ್ಲಾಶ್ ಹಾಕಿದರೆ ಲೋಳೆ ಬೆಳ್ಳಗೆ ಮಿಂಚಿ ಬಳೆಗಳು ಅಳಿಸಿಹೋಗುತ್ತವೆ. ಮೋಡದ ಬೆಳಕಿನಲ್ಲಿ, ಬದಿಯಿಂದ ಬೆಳಕು ಬೀಳುವ ಹಾಗೆ ಹಿಡಿದರೆ ಪ್ರತಿ ಗೀರಿಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ಮೈಗೆ ಮಣ್ಣು ಅಂಟಿದ್ದರೆ ಸ್ವಲ್ಪ ನೀರು ಸುರಿಯಿರಿ, ಬಟ್ಟೆಯಿಂದ ಉಜ್ಜಬೇಡಿ.

ಉದ್ದ ಅಳೆಯಲು ಎಳೆಯಬೇಡಿ. ಸ್ಕೇಲ್ ಜತೆಗಿನ ಚಿತ್ರದ ಮೇಲೆ ಬೆನ್ನಿನ ಗೆರೆಗುಂಟ ದಾರ ಇಟ್ಟು ಅಳೆದರೆ ಸಾಕಷ್ಟು ನಿಖರವಾಗಿ ಸಿಗುತ್ತದೆ. ನಡುಮೈಯ ಅಗಲವನ್ನೂ ಅಳೆದು ಉದ್ದವನ್ನು ಅಗಲದಿಂದ ಭಾಗಿಸಿ: 240 ಮಿಲಿಮೀಟರ್ ಉದ್ದ, 8 ಮಿಲಿಮೀಟರ್ ಅಗಲ ಇದ್ದರೆ 30. ಪ್ರಭೇದಗಳ ವಿವರಣೆಯಲ್ಲೆಲ್ಲ ಈ ಅನುಪಾತ ಇರುತ್ತದೆ.

ಕುಲ ಹೇಳುವುದು: ಕಣ್ಣು, ಸ್ಪರ್ಶಾಂಗ, ಬಾಲ

ಇಲ್ಲಿ ಬೇರ್ಪಡಿಸುವ ಕುಲಗಳು ಮೂರು: ಇಕ್ತಿಯೋಫಿಸ್, ಯುರಿಯೋಟಿಫ್ಲಸ್, ಗೆಗೆನಿಯೋಫಿಸ್. ಬಣ್ಣವನ್ನು ಸದ್ಯಕ್ಕೆ ಮರೆತುಬಿಡಿ. ತಲೆಯ ಬದಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿ.

ಕಣ್ಣು ಕಾಣುತ್ತದೆಯೇ? ಇಕ್ತಿಯೋಫಿಸ್‌ನಲ್ಲಿ ಅದು ಸಾಸಿವೆ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆ, ಸುತ್ತ ತಿಳಿಬಣ್ಣದ ಉಂಗುರ. ಚರ್ಮದ ಕೆಳಗೇ ಇದ್ದರೂ ಸ್ಪಷ್ಟ. ಗೆಗೆನಿಯೋಫಿಸ್‌ನಲ್ಲಿ ಕಣ್ಣು ತಲೆಬುರುಡೆಯ ಮೂಳೆಯ ಅಡಿ ಸೇರಿಹೋಗಿದ್ದು ಹೊರಗೆ ಕಾಣುವುದಿಲ್ಲ.

ಆಮೇಲೆ ಟೆಂಟಕಲ್ ಎಂಬ ಸ್ಪರ್ಶಾಂಗ ಹುಡುಕಿ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಸಿಸಿಲಿಯನ್‌ಗೆ ಮಾತ್ರ ಇರುವ ಅಂಗ ಇದು. ಕಣ್ಣು ಮತ್ತು ಮೂಗಿನ ಹೊಳ್ಳೆಯ ಆಸುಪಾಸಿನಲ್ಲಿ ಸಣ್ಣ ತೂತು, ಅದರೊಳಗಿಂದ ಆಗಾಗ ಹೊರಗೆ ಇಣುಕಿ ಒಳಗೆ ಸರಿಯುವ ಬಿಳಿ ಮೊಳೆಯಂಥ ತುದಿ. ಪ್ರಾಣಿ ಮುಂದಕ್ಕೆ ತೆವಳುವಾಗ ಅರ್ಧ ನಿಮಿಷ ವಿಡಿಯೋ ತೆಗೆದರೆ ಅದು ಹೊರಬರುವುದು ಸಿಕ್ಕೇ ಸಿಗುತ್ತದೆ. ವಾಸನೆಯ ಕಣಗಳನ್ನು ಮೂಗಿನ ಒಳಗಿನ ಸಂವೇದನಾಂಗಕ್ಕೆ ಸಾಗಿಸುವುದು ಅದರ ಕೆಲಸ. ಇಕ್ತಿಯೋಫಿಸ್‌ನಲ್ಲಿ ಈ ತೂತು ಮೇಲ್ದುಟಿಯ ಅಂಚಿನ ಬಳಿ, ಹೊಳ್ಳೆಗಿಂತ ಕಣ್ಣಿಗೆ ಹತ್ತಿರ. ಯುರಿಯೋಟಿಫ್ಲಸ್‌ನಲ್ಲಿ ಬಹಳ ಮುಂದಕ್ಕೆ ಹೋಗಿ ಹೊಳ್ಳೆಯ ಕೆಳಗೇ ಇರುತ್ತದೆ. ಇದೊಂದು ಲಕ್ಷಣದಿಂದಲೇ ಆ ಎರಡು ಕುಲ ಬೇರೆಯಾಗುತ್ತವೆ. ಗೆಗೆನಿಯೋಫಿಸ್‌ನಲ್ಲಿ ಹೊಳ್ಳೆ ಮತ್ತು ಕಣ್ಣು ಇರಬೇಕಾದ ಜಾಗದ ನಡುವೆ ನೋಡಿ. ಹೊಸಬರು ಈ ತೂತನ್ನೇ ಕಣ್ಣೆಂದು ಬರೆದು ಕುಲವನ್ನೇ ತಪ್ಪು ಮಾಡುವುದುಂಟು: ಗಾಢ ಚುಕ್ಕೆ ಕಣ್ಣು, ಅಂಚು ಬಿಳಿಚಿದ ಪುಟ್ಟ ಉಬ್ಬು ಸ್ಪರ್ಶಾಂಗ.

ಮೂರನೆಯದು ಹಿಂತುದಿ. ಗುದದ್ವಾರದಿಂದ ಆಚೆಗೆ ಚೂಪಾದ ಪುಟ್ಟ ಬಾಲ ಇದ್ದರೆ ಇಕ್ತಿಯೋಫಿಸ್ ಅಥವಾ ಯುರಿಯೋಟಿಫ್ಲಸ್. ಗೆಗೆನಿಯೋಫಿಸ್‌ಗೆ ನಿಜವಾದ ಬಾಲವೇ ಇಲ್ಲ. ಗುದದ್ವಾರ ಮೈಯ ಕೊನೆಯಲ್ಲೇ ಇದ್ದು, ಆಚೆಗೆ ಬಳೆ ಇಲ್ಲದ ಮೊಂಡು ತುದಿಯಷ್ಟೇ ಉಳಿದಿರುತ್ತದೆ. ಇಕ್ತಿಯೋಫಿಸ್‌ನಲ್ಲಿ ಗುದದ್ವಾರ ಮೈಯ ಉದ್ದಕ್ಕೆ ಸೀಳಿದಂತೆ ಇರುತ್ತದೆ.

ನಾಲ್ಕನೆಯದಾಗಿ ಹೊಟ್ಟೆಯ ಕಡೆ ತಿರುಗಿಸಿ ಮೈಯ ಮುಂಭಾಗದಲ್ಲಿ ಬಳೆಗಳ ನಡುವಿನ ಗೀರು ನೋಡಿ. ಇಕ್ತಿಯೋಫಿಸ್‌ನಲ್ಲಿ ಆ ಗೀರುಗಳು ಹೊಟ್ಟೆಯನ್ನು ನೇರವಾಗಿ ದಾಟದೆ ನಡುವೆ ಕೋನವಾಗಿ ಬಾಗುತ್ತವೆ. ಉಳಿದೆರಡು ಕುಲಗಳಲ್ಲಿ ಬಳೆ ಬಳೆಯಂತೆಯೇ ನೇರ ಸುತ್ತು.

ನಾಲ್ಕೂ ಒಂದೇ ಕಡೆ ಬೊಟ್ಟು ಮಾಡಿದರೆ ಕುಲದ ಹೆಸರನ್ನು ಧೈರ್ಯವಾಗಿ ಬರೆಯಬಹುದು. ಒಂದು ಹೊಂದದಿದ್ದರೆ ಚಿತ್ರವನ್ನು ಮತ್ತೆ ನೋಡಿ, ಸಾಮಾನ್ಯವಾಗಿ ತಪ್ಪಿರುವುದು ಕಣ್ಣಿನ ವಿಷಯದಲ್ಲಿ. ಉತ್ತರದ ಸಹ್ಯಾದ್ರಿಯಲ್ಲಿ, ಮಹಾರಾಷ್ಟ್ರದ ಕಡೆ, ಇಂಡೋಟಿಫ್ಲಸ್ ಎಂಬ ಇನ್ನೊಂದು ಕುಲವಿದೆ. ಅದು ಗೆಗೆನಿಯೋಫಿಸ್‌ನ ಹತ್ತಿರದ ಬಂಧು, ಹೊರಗಿನಿಂದ ನೋಡಿ ಬೇರ್ಪಡಿಸಲು ಹೋಗಬೇಡಿ. ಯುರಿಯೋಟಿಫ್ಲಸ್‌ನ ನೆಲೆ ಮುಖ್ಯವಾಗಿ ಕೇರಳ, ತಮಿಳುನಾಡು.

ಬಳೆ ಎಣಿಸುವುದು

ತಾಳ್ಮೆ ಬೇಡುವ ಕೆಲಸ ಇದು. ಪ್ರಭೇದದ ಹಂತಕ್ಕೆ ಹೋಗುವವರಿಗೆ ಇದನ್ನು ಬಿಟ್ಟರೆ ಗತ್ಯಂತರವಿಲ್ಲ.

ಮೈಮೇಲಿನ ಎಲ್ಲ ಬಳೆಗಳೂ ಒಂದೇ ಬಗೆಯವಲ್ಲ. ಮೊದಲ ದರ್ಜೆಯ ಬಳೆ ಒಂದೊಂದಕ್ಕೂ ಒಳಗೆ ಒಂದೊಂದು ಬೆನ್ನೆಲುಬಿನ ಮಣಿ ಇರುತ್ತದೆ. ಆ ಬಳೆಯನ್ನು ನಡುವೆ ಮತ್ತೊಂದು ಗೀರು ಒಡೆದರೆ ಎರಡನೇ ದರ್ಜೆಯ ಬಳೆ. ಗೆಗೆನಿಯೋಫಿಸ್‌ನಲ್ಲಿ ಮುಂದಿನಿಂದ ಬಹುದೂರ ಮೊದಲ ದರ್ಜೆಯವು ಮಾತ್ರ ಇದ್ದು, ಎರಡನೆಯವು ಹಿಂಭಾಗದಲ್ಲಿ ಶುರುವಾಗುತ್ತವೆ. ಮೊದಲ ದರ್ಜೆಯವು ನೂರರ ಆಸುಪಾಸಿನಲ್ಲಿರುತ್ತವೆ. ಎರಡನೆಯವು ಎಷ್ಟನೇ ಬಳೆಯಲ್ಲಿ ಶುರುವಾದವು ಅನ್ನುವುದು ಪ್ರಭೇದ ಗುರುತಿಸಲು ಬಹಳ ಮುಖ್ಯ. ಇಕ್ತಿಯೋಫಿಸ್‌ನಲ್ಲಿ ತಲೆಯಿಂದ ಬಾಲದವರೆಗೂ ಬಳೆಗಳು ಒಡೆದು ಒತ್ತೊತ್ತಾಗಿರುವುದರಿಂದ ಒಟ್ಟು ಸಂಖ್ಯೆ ಇನ್ನೂರನ್ನು ದಾಟುತ್ತದೆ. ಅಲ್ಲಿ ದರ್ಜೆ ಬೇರೆ ಮಾಡದೆ ಒಟ್ಟಾರೆ ಎಣಿಸುವುದೇ ರೂಢಿ.

ಎಣಿಕೆ ಎಲ್ಲಿಂದ ಶುರು? ತಲೆಯ ಹಿಂದೆ ಎರಡು ಕೊರಳಪಟ್ಟಿಗಳಿವೆ, ಅವು ಬಳೆಗಳಲ್ಲ. ಬಳೆಗಿಂತ ಅಗಲ ಜಾಸ್ತಿ, ಕೆಳಗಿನಿಂದ ನೋಡಿದರೆ ಗೀರು ಆಳ. ಎರಡನೇ ಕೊರಳಪಟ್ಟಿ ಮುಗಿದ ಮೇಲೆ ಬರುವುದು ಒಂದನೇ ಬಳೆ. ಕೊರಳಪಟ್ಟಿಯನ್ನೂ ಸೇರಿಸಿ ಎಣಿಸಿದರೆ ಎರಡು ಮೂರು ಜಾಸ್ತಿ ಬರುತ್ತದೆ. ಹತ್ತಿರದ ಎರಡು ಪ್ರಭೇದಗಳ ನಡುವಿನ ವ್ಯತ್ಯಾಸವೇ ಕೆಲವೊಮ್ಮೆ ಅಷ್ಟಿರುತ್ತದೆ.

ಬದಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೆರೆದು ಪ್ರತಿ ಹತ್ತನೇ ಬಳೆಯ ಮೇಲೆ ಒಂದು ಕೆಂಪು ಚುಕ್ಕೆ ಇಡುತ್ತ ಹೋಗಿ. ಮೈ ಬಾಗಿದಲ್ಲಿ ಒಳಬದಿಯ ಚರ್ಮ ಸುಕ್ಕುಗಟ್ಟಿ ಸುಳ್ಳು ಗೀರು ಮೂಡುತ್ತದೆ, ಆದ್ದರಿಂದ ಬಾಗಿನ ಹೊರಬದಿಯಲ್ಲೇ ಎಣಿಸಿ. ಕೆಲವು ಗೀರುಗಳು ಬೆನ್ನಿನ ಮೇಲಾಗಲಿ ಹೊಟ್ಟೆಯ ಕೆಳಗಾಗಲಿ ಪೂರ್ತಿ ಸುತ್ತು ಬರುವುದಿಲ್ಲ. ಹೀಗಾಗಿ ಬೆನ್ನಲ್ಲಿ ಎಣಿಸಿದ ಸಂಖ್ಯೆ ಬೇರೆ, ಬದಿಯಲ್ಲಿ ಎಣಿಸಿದ್ದು ಬೇರೆ. ಎಲ್ಲಿ ಎಣಿಸಿದಿರಿ ಎಂಬುದನ್ನು ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ. ಮೂರು ಸಲ ಎಣಿಸಿ, ಮೂರನ್ನೂ ಬರೆದಿಡಿ, ಸರಾಸರಿ ಮಾಡಬೇಡಿ. ಮೂರೂ ಒಂದೇ ಬಂದರೆ ಸಂತೋಷ. 108, 109, 112 ಅಂತ ಬಂದರೆ ಆ ಚಿತ್ರದಿಂದ ಅಷ್ಟೇ ಸಾಧ್ಯ ಅಂತ ಅರ್ಥ.

ಪ್ರಭೇದದ ಬಾಗಿಲಲ್ಲಿ

ಈಗ ಬಣ್ಣಕ್ಕೆ ಬರಬಹುದು, ಅದೂ ಇಕ್ತಿಯೋಫಿಸ್‌ಗೆ ಮಾತ್ರ. ಮೈಯ ಎರಡೂ ಬದಿಗೆ ಹಳದಿ ಪಟ್ಟಿ ಇರುವವು, ಇಲ್ಲದವು ಎಂದು ಎರಡು ಗುಂಪು. ಪಟ್ಟಿ ಇಲ್ಲದವುಗಳಲ್ಲಿ ನಮ್ಮ ಭಾಗಕ್ಕೆ ಸಂಬಂಧಪಟ್ಟದ್ದು ಇಕ್ತಿಯೋಫಿಸ್ ಬಾಂಬೇಯೆನ್ಸಿಸ್. ಪಟ್ಟಿ ಇರುವವುಗಳಲ್ಲಿ 1880ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಪೀಟರ್ಸ್ ಹೆಸರಿಟ್ಟ ಇಕ್ತಿಯೋಫಿಸ್ ಬೆಡ್ಡೋಮಿ ಹಳೆಯದು. 2007ರಲ್ಲಿ ಕೊಡಗಿನಿಂದ ಇಕ್ತಿಯೋಫಿಸ್ ಕೊಡಗುಯೆನ್ಸಿಸ್, 2011ರಲ್ಲಿ ಬೆಳಗಾವಿ ಜಿಲ್ಲೆಯ ಚೋರ್ಲಾ ಸುತ್ತಿನಿಂದ ಇಕ್ತಿಯೋಫಿಸ್ ಡೇವಿಡಿ ಸೇರಿದವು. ‘ಹಳದಿ ಪಟ್ಟಿ ಇದೆ, ಹಾಗಾದರೆ ಬೆಡ್ಡೋಮಿ’ ಎಂಬ ಲೆಕ್ಕ ಇನ್ನು ನಡೆಯುವುದಿಲ್ಲ. ಪಟ್ಟಿಯ ಅಗಲ ಎಷ್ಟು, ಅಂಚು ನೆಟ್ಟಗಿದೆಯೇ ಅಂಕುಡೊಂಕೇ, ಕೊರಳಪಟ್ಟಿಯ ಮೇಲೆ ಮುಂದುವರಿಯುತ್ತದೆಯೇ ಕಡಿಯುತ್ತದೆಯೇ, ಕೆಳದವಡೆಗೆ ಇಳಿಯುತ್ತದೆಯೇ, ಗುದದ್ವಾರದವರೆಗೆ ಹೋಗುತ್ತದೆಯೇ ಎಂದು ಬರೆದಿಟ್ಟುಕೊಳ್ಳಿ. ತಜ್ಞರು ಮೊದಲು ಕೇಳುವುದು ಇವನ್ನೇ.

ಗೆಗೆನಿಯೋಫಿಸ್‌ನಲ್ಲಿ ಬಣ್ಣ ನಂಬಿದರೆ ಕೆಟ್ಟಿರಿ. ಹೆಚ್ಚಿನವುಗಳದು ನಸುಗೆಂಪು, ನೇರಳೆ, ಬೂದು ಸೇರಿದ ಬಣ್ಣ. ಚರ್ಮದಡಿಯ ರಕ್ತ, ಮಣ್ಣು, ಬೆಳಕು ಎಲ್ಲವೂ ಅದನ್ನು ಬದಲಿಸುತ್ತವೆ. ಇಲ್ಲಿ ಜಾಗ, ಬಳೆಗಳ ಸಂಖ್ಯೆ, ಹಲ್ಲುಗಳ ಸಂಖ್ಯೆ, ಕೊನೆಗೆ ಡಿಎನ್‌ಎ ಇವೇ ಆಧಾರ. ಗೆಗೆನಿಯೋಫಿಸ್ ಕೃಷ್ಣಿ 1999ರಲ್ಲಿ ಮಂಗಳೂರು ಹತ್ತಿರದ ಗುರುಪುರದಿಂದ ಬಂದದ್ದು. ಗೆಗೆನಿಯೋಫಿಸ್ ಮಾಧವೈ 2004ರಲ್ಲಿ ಉಡುಪಿ ಜಿಲ್ಲೆಯ ಮುದೂರಿನಿಂದ. ಹೆಸರು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಗೌರವಕ್ಕೆ. ಮಹದಾಯಿ ಕೊಳ್ಳದ ಹೆಸರು ಹೊತ್ತ ಗೆಗೆನಿಯೋಫಿಸ್ ಮ್ಹಾದೈಯೆನ್ಸಿಸ್ 2007ರದ್ದು. ಕಾಸರಗೋಡಿನವರ ಗಮನಕ್ಕೆ: ಅಲ್ಲಿಂದ 2015ರಲ್ಲಿ ಗೆಗೆನಿಯೋಫಿಸ್ ತೇಜಸ್ವಿನಿ ವಿವರಿಸಲ್ಪಟ್ಟಿದೆ. ಮಾಧವೈ, ಡೇವಿಡಿ, ಮ್ಹಾದೈಯೆನ್ಸಿಸ್ ಈ ಮೂರರ ವಿವರಣೆಯಲ್ಲೂ ಸಂಶೋಧಕ ಗೋಪಾಲಕೃಷ್ಣ ಭಟ್ಟರ ಹೆಸರಿದೆ. ಕರಾವಳಿ, ಮಲೆನಾಡಿನ ಸಿಸಿಲಿಯನ್ ಬಗ್ಗೆ ಇಂದು ಗೊತ್ತಿರುವುದರಲ್ಲಿ ಅವರ ಪಾಲು ದೊಡ್ಡದು.

ಜಾಗವನ್ನು ಆಧಾರವಾಗಿ ಬಳಸುವಾಗ ಒಂದು ಎಚ್ಚರ. ಮುದೂರಿನ ಹತ್ತಿರ ಸಿಕ್ಕಿತು ಎಂದ ಮಾತ್ರಕ್ಕೆ ಅದು ಮಾಧವೈ ಆಗುವುದಿಲ್ಲ. ಎರಡು ಪ್ರಭೇದ ಒಂದೇ ತೋಟದಲ್ಲಿರಬಹುದು, ಹೆಸರೇ ಇಲ್ಲದ್ದೂ ಇರಬಹುದು. ಇಂಥಲ್ಲಿ ‘ಗೆಗೆನಿಯೋಫಿಸ್, ಪ್ರಭೇದ ಖಚಿತವಿಲ್ಲ’ ಎಂದು ಬರೆದ ದಾಖಲೆ ಮುಂದೊಂದು ದಿನ ಸರಿಯಾದ ಹೆಸರು ಪಡೆಯುತ್ತದೆ. ಊಹಿಸಿ ಬರೆದ ಹೆಸರು ನಕ್ಷೆಯಲ್ಲಿ ಕೂತು ವರ್ಷಗಟ್ಟಲೆ ದಾರಿ ತಪ್ಪಿಸುತ್ತದೆ. ಇವುಗಳಲ್ಲಿ ಹಲವನ್ನು ಅಳಿವಿನ ಅಪಾಯವನ್ನು ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇಟ್ಟಿರುವುದೇ ‘ಮಾಹಿತಿ ಸಾಲದು’ ಎಂಬ ವಿಭಾಗದಲ್ಲಿ.

ಹಳೆಯ ಪುಸ್ತಕದ ಹೆಸರುಗಳು

ನಿಮ್ಮ ಕಾಲೇಜಿನ ಪುಸ್ತಕದಲ್ಲಿ ಗೆಗೆನಿಯೋಫಿಸ್ ಸಿಸಿಲಿಡೇ ಕುಟುಂಬದಲ್ಲಿದ್ದರೆ ಅದು 2011ಕ್ಕೆ ಮುಂಚಿನ ವರ್ಗೀಕರಣ. ಆ ವರ್ಷ ಆ ದೊಡ್ಡ ಕುಟುಂಬವನ್ನು ಒಡೆದು ಗೆಗೆನಿಯೋಫಿಸ್, ಇಂಡೋಟಿಫ್ಲಸ್‌ಗಳನ್ನು ಸೆಶೆಲ್ಸ್ ದ್ವೀಪಗಳ ಸಿಸಿಲಿಯನ್‌ಗಳ ಜತೆ ಇಂಡೋಟಿಫ್ಲಿಡೇ ಎಂಬ ಕುಟುಂಬಕ್ಕೆ ಸೇರಿಸಲಾಯಿತು; ಈಚೆಗೆ ಅದೇ ಕುಟುಂಬಕ್ಕೆ ಗ್ರಾಂಡಿಸೋನಿಯಿಡೇ ಎಂಬ ಹೆಸರೂ ಬಳಕೆಯಲ್ಲಿದೆ. ಗುರುಪುರದ ತೋಟದ ಪ್ರಾಣಿಗೆ ಹತ್ತಿರದ ನೆಂಟರು ಸಮುದ್ರದಾಚೆಯ ದ್ವೀಪದಲ್ಲಿರುವುದು ವಿಚಿತ್ರವೇನಲ್ಲ, ಆ ದ್ವೀಪಗಳೂ ಭಾರತವೂ ಗೊಂಡ್ವಾನಾ ಎಂಬ ಪ್ರಾಚೀನ ಮಹಾಖಂಡದ ಒಂದೇ ತುಂಡಿನ ಪಾಲುಗಳು. ಯುರಿಯೋಟಿಫ್ಲಸ್‌ಗೆ ಹಿಂದೆ ಪ್ರತ್ಯೇಕ ಕುಟುಂಬವಿತ್ತು, ಈಗ ಇಕ್ತಿಯೋಫಿಡೇಯೊಳಗೆ. ಈಶಾನ್ಯ ಭಾರತದ ಚಿಕಿಲಾ ಕುಲಕ್ಕೆ 2012ರಲ್ಲಿ ಹೊಸ ಕುಟುಂಬವನ್ನೇ ಮಾಡಲಾಯಿತು.

1960ರ ಸುಮಾರಿಗೆ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಟೇಲರ್ ಮ್ಯೂಸಿಯಂಗಳಲ್ಲಿದ್ದ ಹಳೆಯ ಮಾದರಿಗಳನ್ನು ನೋಡಿ ಇಕ್ತಿಯೋಫಿಸ್‌ಗೆ ಹಲವು ಹೆಸರು ಕೊಟ್ಟ. ಅವುಗಳಲ್ಲಿ ಕೆಲವು ಆಮೇಲೆ ಬೇರೆ ಹೆಸರಿನೊಳಗೆ ಕರಗಿದವು. ಆದ್ದರಿಂದ ಲಕ್ಷಣ ನೋಡಿ ಹೆಸರು ಹುಡುಕುವ ಹಳೆಯ ಕೀಲಿಪಟ್ಟಿ ಹಿಡಿದು ಬಂದ ಉತ್ತರ ಈಗಿನ ಪಟ್ಟಿಯಲ್ಲಿ ಇದೆಯೇ ಎಂದು ನೋಡಿಯೇ ಬರೆಯಿರಿ.

ಮೊಟ್ಟೆ, ಮರಿ ಸಿಕ್ಕರೆ ಅದೂ ಸಾಕ್ಷಿಯೇ. ಸುರುಳಿ ಸುತ್ತಿ ಮೊಟ್ಟೆ ಕಾಯುವ ತಾಯಿಯ ಹತ್ತಿರ ನೀರಿದ್ದು ಮರಿಗೆ ಕಿವಿರಿನ ಸೀಳಿದ್ದರೆ ಇಕ್ತಿಯೋಫಿಸ್ ಕಡೆಗೆ ಬೊಟ್ಟು. ಗೆಗೆನಿಯೋಫಿಸ್‌ನ ಮರಿ ನೀರಿಗಿಳಿಯದೆ ಮೊಟ್ಟೆಯೊಳಗೇ ರೂಪ ತಳೆದು ಬರುತ್ತದೆ, ಪ್ರಾಣಿಶಾಸ್ತ್ರಜ್ಞ ಬಿ.ಆರ್. ಶೇಷಾಚಾರರ ಹೆಸರಿನ ಗೆಗೆನಿಯೋಫಿಸ್ ಶೇಷಾಚಾರಿ ಮಾತ್ರ ಮರಿಯನ್ನೇ ಹಾಕುತ್ತದೆ ಎಂಬುದು 2008ರಲ್ಲಿ ವರದಿಯಾಯಿತು. ಮೊಟ್ಟೆಯ ಗೂಡನ್ನು ಚಿತ್ರ ತೆಗೆದ ಕೂಡಲೇ ಮುಚ್ಚಿಬಿಡಿ.

ಸತ್ತದ್ದು ಸಿಕ್ಕರೆ

ಗುದ್ದಲಿಗೆ ಸಿಕ್ಕಿ ಸತ್ತದ್ದನ್ನು ಎಸೆಯಬೇಡಿ. ಮೊದಲು ಬಣ್ಣದ ಚಿತ್ರ ತೆಗೆಯಿರಿ, ಕೆಡದಂತೆ ಇಡುವ ದ್ರಾವಣಕ್ಕೆ ಹೋದ ಮೇಲೆ ಹಳದಿ ಮಾಸುತ್ತದೆ, ನೇರಳೆ ಕಂದಾಗುತ್ತದೆ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ಫೋನ್ ಮಾಡಿ; ಅವರು ಬರುವವರೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಫ್ರಿಜ್‌ನ ಕೆಳಭಾಗದಲ್ಲಿಡಿ. ಒಂದು ದಿನಕ್ಕಿಂತ ತಡವಾದರೆ ಚರ್ಮ ಸುಲಿಯತೊಡಗುತ್ತದೆ, ಬಳೆ ಎಣಿಸಲು ಬರುವುದಿಲ್ಲ.

ಮುಂದಿನದು ಪ್ರಯೋಗಾಲಯದವರ ಕೆಲಸ. ಅಲ್ಲಿಯೂ ತಪ್ಪುವುದು ಕ್ರಮದಲ್ಲೇ. ಮೊದಲು ಯಕೃತ್ತು ಅಥವಾ ಸ್ನಾಯುವಿನ ಸಣ್ಣ ಚೂರನ್ನು 95 ಪ್ರತಿಶತ ಎಥನಾಲ್‌ಗೆ ಹಾಕಬೇಕು, ಏಕೆಂದರೆ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಮಾಡುತ್ತದೆ. ಬಾಯಿ ತೆರೆದು ನಡುವೆ ಹತ್ತಿಯ ತುಣುಕು ಇಡಬೇಕು. ಮೇಲ್ದವಡೆಯಲ್ಲಿ ಎರಡು ಸಾಲು ಹಲ್ಲು, ಕೆಳಗೂ ಒಳಸಾಲು ಇರುತ್ತದೆ. ಬಾಯಿ ಮುಚ್ಚಿ ಗಟ್ಟಿಯಾದರೆ ಮುರಿಯದೆ ಎಣಿಸಲಾಗದು. ಮೈಯನ್ನು ಟ್ರೇಯಲ್ಲಿ ನೆಟ್ಟಗೆ ಮಲಗಿಸಿ, ಒಂದು ಪಾಲು ಅಂಗಡಿಯ ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಲ್ಲಿ ಒಂದೆರಡು ದಿನ ಇಡುವುದು, ಆಮೇಲೆ ಒಂದು ದಿನ ನೀರಲ್ಲಿ ತೊಳೆದು 70 ಪ್ರತಿಶತ ಎಥನಾಲ್‌ಗೆ ಬದಲಿಸುವುದು. ಹೊಟ್ಟೆಯಲ್ಲಿ ಒಂದೆರಡು ಸೀಳು ಕೊಡದಿದ್ದರೆ ದ್ರಾವಣ ಒಳಗೆ ಇಳಿಯದೆ ಕೊಳೆಯುತ್ತದೆ. ಕೈಗವಸು, ಗಾಳಿ ಆಡುವ ಕೋಣೆ ಕಡ್ಡಾಯ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆದು ಸೀಸೆಯ ಒಳಗೆ ಹಾಕಬೇಕು, ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ.

ಬದುಕಿದ್ದನ್ನು ಮರಳಿ ಬಿಡುವಾಗ ಸಿಕ್ಕಿದ ಜಾಗದಲ್ಲೇ ಬಿಡಿ. ‘ಕಪ್ಪೆಯ ಜಾತಿ ಅಲ್ಲವೇ’ ಅಂತ ಕೆರೆಗೋ ಕಾಲುವೆಗೋ ಎಸೆಯಬೇಡಿ, ಬೆಳೆದ ಮೇಲೆ ಇದರ ಉಸಿರು ಶ್ವಾಸಕೋಶ ಮತ್ತು ಒದ್ದೆ ಚರ್ಮದಲ್ಲಿ, ಬದುಕು ಮಣ್ಣಲ್ಲಿ. ಬೆರಳಿನಿಂದ ಒಂದಿಂಚು ತೂತು ಮಾಡಿ ತಲೆ ಅದರ ಕಡೆ ಇರುವಂತೆ ಇಟ್ಟರೆ ತಾನೇ ಇಳಿಯುತ್ತದೆ. ಬಾಲದ ತುದಿ ಒಳಗೆ ಹೋದ ಮೇಲೆ ಮೇಲೆ ತೇವದ ಸೊಪ್ಪು ಮುಚ್ಚಿ. ಊರು, ತಾಲ್ಲೂಕು, ಅಕ್ಷಾಂಶ ರೇಖಾಂಶ, ದಿನಾಂಕ, ಹೊತ್ತು, ಎಷ್ಟು ಆಳ, ಯಾವ ಬೆಳೆ, ಮಣ್ಣಿನ ತೇವ ಇಷ್ಟನ್ನೂ ಅಲ್ಲೇ ನಿಂತು ಬರೆದು, ಚಿತ್ರಗಳ ಜತೆ ಜೀವಿಗಳ ದಾಖಲೆ ಸೇರಿಸುವ ಜಾಲತಾಣಗಳಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಅದೇ ದಿನ ಏರಿಸಿ.